ಲಿನಕ್ಸೋ, ಗ್ನೂ/ಲಿನಕ್ಸೋ?

ಮಂಗಳೂರಿನಲ್ಲಿ ಕಾಲೇಜು ಹುಡುಗರ ಲ್ಯಾಪ್‌ಟಾಪಿಗೆ ಉಬುಂಟು, ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಡುವವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: "ಸರ್, ಲಿನಕ್ಸ್ ಅನ್ನಬೇಕೋ, ಗ್ನೂ/ಲಿನಕ್ಸ್ ಅನ್ನಬೇಕೋ?" ಪಕ್ಕದಲ್ಲಿ ಕೂತವರು ಯಾರಾದರೂ, "ಎಂತದಾದರೂ ಅನ್ನಿ ಮಾರಾಯ್ರೆ, ವೈಫೈ ಸಿಕ್ಕಿದರೆ ಸಾಕು" ಅನ್ನುವುದೂ ಉಂಟು.

ನಾನು ಮಾತಿನಲ್ಲಿ ಲಿನಕ್ಸ್ ಅನ್ನುತ್ತೇನೆ, ಬರೆಯುವಾಗ ಗ್ನೂ/ಲಿನಕ್ಸ್ ಎಂದು ಬರೆಯುತ್ತೇನೆ. ನಮ್ಮಲ್ಲಿ ಯಕ್ಷಗಾನಕ್ಕೆ ಹೊರಟರೆ "ಕಟೀಲು ಮೇಳದ ಆಟಕ್ಕೆ ಹೋಗುವ" ಅನ್ನುತ್ತೇವೆ; ಭಾಗವತರು, ಚೆಂಡೆ, ಮದ್ದಳೆಯವರ ಹೆಸರು ಹಾಕಲಿಕ್ಕೆ ಕರಪತ್ರ ಇದೆಯಲ್ಲ.

ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂನಂಥ ಇಡೀ ವ್ಯವಸ್ಥೆಯನ್ನು ಸ್ವತಂತ್ರ ತಂತ್ರಾಂಶವಾಗಿ (ಯಾರೂ ಬಳಸಿ, ತಿದ್ದಿ, ಹಂಚಬಹುದಾದದ್ದಾಗಿ) ಕಟ್ಟುತ್ತೇನೆಂದು ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲೇ ಗ್ನೂ ಯೋಜನೆ ಘೋಷಿಸಿದ್ದರು. 1991ರ ಹೊತ್ತಿಗೆ ಗ್ನೂದ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ತರುವುದು), ಕಮಾಂಡ್ ನಡೆಸುವ ಬ್ಯಾಶ್, ಬರೆಯಲಿಕ್ಕೆ ಈಮ್ಯಾಕ್ಸ್ ಎಲ್ಲ ಬಳಕೆಯಲ್ಲಿದ್ದವು. ದೊಡ್ಡ ಕೊರತೆ ಕರ್ನಲ್‌ನದು, ಅಂದರೆ ಹಾರ್ಡ್‌ವೇರನ್ನು ನಡೆಸುವ ತಿರುಳಿನದು. ಅದನ್ನು ಬರೆದದ್ದು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಅದೂ ಗ್ನೂ ಕಂಪೈಲರ್ ಇಟ್ಟುಕೊಂಡೇ. ತಮಾಷೆಯೆಂದರೆ ಅವರು ಯೋಚಿಸಿದ್ದ ಹೆಸರು "ಫ್ರೀಕ್ಸ್". ಅದನ್ನು ಹಂಚಲಿಕ್ಕೆ ಇಟ್ಟ ಎಫ್‌ಟಿಪಿ ಸರ್ವರ್ ನೋಡಿಕೊಳ್ಳುತ್ತಿದ್ದ ಆರಿ ಲೆಮ್ಕೆ ಫೋಲ್ಡರಿಗೆ "ಲಿನಕ್ಸ್" ಎಂದು ಹೆಸರಿಟ್ಟರು, ಅದೇ ಗಟ್ಟಿಯಾಯಿತು.

ಡೆಬಿಯನ್‌ನ ಟರ್ಮಿನಲ್ ತೆರೆದು, ಸಿಸ್ಟಂನ ಹೆಸರು ಹೇಳುವ "ಯುನೇಮ್" ಕಮಾಂಡ್ ಕೊಡಿ, "ಲಿನಕ್ಸ್" ಅನ್ನುತ್ತದೆ. ಅದರ ಮುಂದೆ "-ಒ" ಸೇರಿಸಿದರೆ "ಗ್ನೂ/ಲಿನಕ್ಸ್". (ಆ ಕಮಾಂಡ್ ಗ್ನೂದವರದ್ದೇ, ಹಾಗಾಗಿ ಸಾಕ್ಷಿ ಒಂದು ಪಕ್ಷದ್ದು!) ಫೈಲುಗಳ ಪಟ್ಟಿ ತೋರಿಸುವ "ಎಲ್‌ಎಸ್"ನ ವರ್ಶನ್ ಕೇಳಿದರೆ ಕೊನೆಯಲ್ಲಿ ಬರೆದವರ ಹೆಸರು ಬರುತ್ತದೆ: ರಿಚರ್ಡ್ ಎಂ. ಸ್ಟಾಲ್‌ಮನ್, ಡೇವಿಡ್ ಮೆಕೆಂಜಿ. ದಿನಾ ಬಳಸುವವರಲ್ಲಿ ಎಷ್ಟು ಜನ ಅದನ್ನು ನೋಡಿದ್ದಾರೋ!

ಹಾಗೆಂದು ಲಿನಕ್ಸ್ ಅಂದವರನ್ನು ನಾನು ತಿದ್ದಲಿಕ್ಕೆ ಹೋಗುವುದಿಲ್ಲ. ಒತ್ತಾಯದ ಕ್ರೆಡಿಟ್ ಎಲ್ಲಿಗೆ ಮುಟ್ಟುತ್ತದೆಂದು ತೋರಿಸಿದವರು ಸ್ಟಾಲ್‌ಮನ್ನೇ. ಬಿಎಸ್‌ಡಿ ಎಂಬ ಯುನಿಕ್ಸ್ ರೂಪದ ಹಳೆಯ ಲೈಸೆನ್ಸ್ ಪ್ರಕಾರ ಜಾಹೀರಾತಿನಲ್ಲೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೆಸರು ಹಾಕಬೇಕಿತ್ತು. ಉಳಿದವರೂ ಅದನ್ನೇ ನಕಲು ಮಾಡಿ ತಂತಮ್ಮ ಹೆಸರು ಸೇರಿಸಿದರು. ಬಿಎಸ್‌ಡಿಯಿಂದಲೇ ಬಂದ ನೆಟ್‌ಬಿಎಸ್‌ಡಿಯ 1997ರ ಆವೃತ್ತಿಯಲ್ಲಿ ಇಂಥ 75 ವಾಕ್ಯಗಳನ್ನು ಸ್ಟಾಲ್‌ಮನ್ ಎಣಿಸಿದ್ದರು. 1999ರಲ್ಲಿ ವಿಶ್ವವಿದ್ಯಾಲಯ ಆ ಷರತ್ತು ಕೈಬಿಟ್ಟಿತು. ಗ್ನೂ ಹೆಸರೂ ಸೇರಿಸಿ ಎಂದು ಸ್ಟಾಲ್‌ಮನ್ ಕೇಳುವುದು ಲೈಸೆನ್ಸ್ ಷರತ್ತಲ್ಲ, ಬರೀ ವಿನಂತಿ, ನಿಜ. ಆದರೂ ಪ್ರತಿ ಮಾತಿಗೂ ಅದನ್ನು ಹೇರುವವರಿಗೆ ಈ ಕತೆ ನೆನಪಿಸಬೇಕು ಅನ್ನಿಸುತ್ತದೆ.

ಇನ್ನೊಂದು, ಲಿನಕ್ಸ್ ಇದ್ದಲ್ಲೆಲ್ಲ ಗ್ನೂ ಇರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಕರ್ನಲ್ ಲಿನಕ್ಸ್, ಆದರೆ ಪ್ರೋಗ್ರಾಂಗಳು ಆತುಕೊಳ್ಳುವ ಸಿ ಲೈಬ್ರರಿ ಗ್ನೂದಲ್ಲ, ಬಯಾನಿಕ್. ಆಲ್ಪೈನ್ ಎಂಬ ಪುಟ್ಟ ಸಿಸ್ಟಂನಲ್ಲಿ ಗ್ನೂದ ಬದಲು ಮಸಲ್ ಲೈಬ್ರರಿ ಮತ್ತು ಬಿಝಿಬಾಕ್ಸ್‌ನ ಕಮಾಂಡುಗಳು. ಅವನ್ನು ಗ್ನೂ/ಲಿನಕ್ಸ್ ಅಂದರೆ ಅದೇ ತಪ್ಪು.

ಪ್ರಾಜೆಕ್ಟ್ ರಿಪೋರ್ಟ್ ಬರೆಯುವವರು "ಓಎಸ್-ರಿಲೀಸ್" ಫೈಲ್ ತೆರೆದು ಅದರಲ್ಲಿರುವ ಹೆಸರನ್ನೇ ಹಾಕಿ. ಡೆಬಿಯನ್ 12 ಆದರೆ "ಡೆಬಿಯನ್ ಗ್ನೂ/ಲಿನಕ್ಸ್ 12" ಎಂದಿರುತ್ತದೆ, ಆಲ್ಪೈನ್ ಆದರೆ "ಆಲ್ಪೈನ್ ಲಿನಕ್ಸ್". ವೈವಾದಲ್ಲಿ ಯಾಕೆ ಹೀಗೆ ಅಂತ ಕೇಳಿದರೆ ಹೇಳಲಿಕ್ಕೆ ವಿಷಯವೂ ಸಿಕ್ಕಿತಲ್ಲ.