ಗ್ಯಾರೇಜಿನ ಬಿಯರು, ಹಿತ್ತಲ ಲೋಟ

ಪಕ್ಕದ ಮನೆಯ ಅಜ್ಜ ಹೋದ ತಿಂಗಳು ನನಗೊಂದು ಪ್ರಶ್ನೆ ಕೇಳಿದರು. "ಸರಿ, ಇದನ್ನೆಲ್ಲ ನಿನಗೆ ಹೇಳಿಕೊಟ್ಟವರು ಯಾರು?" ದನಿಯಲ್ಲಿ ಕೊಂಕು ಇರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ವಿಷಯ ನೋಡಿದರೆ ತೀರಾ ಸಣ್ಣದು. ಬಿಯರ್ ಕುದಿಸುವುದಕ್ಕೆ ಸ್ಟೀಲ್ ಪಾತ್ರೆ ಒಳ್ಳೆಯದೋ ಅಲ್ಯುಮಿನಿಯಂ ಪಾತ್ರೆಯೋ ಅಂತ ನಡೆದ ವಾದ ಅದು.

ಮನೆಯಲ್ಲಿ ಬಿಯರಾ ಅಂತ ಊರಲ್ಲಿರುವ ನೀವು ಹುಬ್ಬೇರಿಸಬಹುದು. ನಮ್ಮಲ್ಲಿ ಪರವಾನಗಿ ಇಲ್ಲದೆ ಹಾಗೆ ಮಾಡಿದರೆ ಅಬಕಾರಿಯವರು ಬಾಗಿಲಿಗೆ ಬರುತ್ತಾರೆ. ಇಲ್ಲಿ ಅಮೆರಿಕದಲ್ಲಿ ಅದೊಂದು ಹವ್ಯಾಸ, ತೋಟ ಮಾಡುವುದು, ಮೀನು ಹಿಡಿಯುವುದು ಇದ್ದ ಹಾಗೆ. ಆದರೆ ಇಲ್ಲೂ ಮೊದಲಿಂದ ಹೀಗಿರಲಿಲ್ಲ. 1920ರಿಂದ 1933ರವರೆಗೆ ಅಮೆರಿಕಕ್ಕೆ ಅಮೆರಿಕವೇ ಪಾನನಿಷೇಧದಲ್ಲಿತ್ತು. ನಿಷೇಧ ಹೋದ ಮೇಲೆ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಬಿಟ್ಟರು, ಬಿಯರ್‌ಗೆ ಮಾತ್ರ ಬಿಡಲಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಮಸೂದೆಗೆ ಸಹಿ ಹಾಕಿದರು. ಅದು ಮರುವರ್ಷ ಜಾರಿಗೆ ಬಂತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಅದಕ್ಕಿಂತ ಹೆಚ್ಚೋ ಇದ್ದರೆ 200 ಗ್ಯಾಲನ್. 200 ಗ್ಯಾಲನ್ ಅಂದರೆ ಏಳುನೂರೈವತ್ತು ಲೀಟರ್‌ಗೂ ಮೇಲೆ! ಮಾರುವ ಹಾಗಿಲ್ಲ. ಭಟ್ಟಿ ಇಳಿಸುವ ಹಾಗಂತೂ ಇಲ್ಲವೇ ಇಲ್ಲ. ಅಲಬಾಮಾ ಮತ್ತು ಮಿಸಿಸಿಪ್ಪಿ ರಾಜ್ಯಗಳು ಇದಕ್ಕೂ ಒಪ್ಪಿದ್ದು 2013ರಲ್ಲಿ.

ಅಜ್ಜ ಅನ್ನುವುದು ನನ್ನ ಮನಸ್ಸಿನೊಳಗೆ ಮಾತ್ರ. ಎದುರಿಗೆ ಹೆಸರು ಹಿಡಿದೇ ಕರೆಯಬೇಕು, ಇಲ್ಲಿಯ ರೂಢಿ. ಎಪ್ಪತ್ತು ದಾಟಿದವರನ್ನು ಹಾಗೆ ಕರೆಯುವುದಕ್ಕೆ ನನ್ನ ನಾಲಿಗೆ ಇನ್ನೂ ತಡವರಿಸುತ್ತದೆ. ನಾವಿರುವುದು ಪಿಟ್ಸ್‌ಬರ್ಗ್‌ನಲ್ಲಿ. ಈ ಊರನ್ನು ಉಕ್ಕಿನ ನಗರ ಅಂತಲೇ ಕರೆಯುತ್ತಾರೆ. ಅಜ್ಜ ಹುಡುಗರಾಗಿದ್ದಾಗಲೇ ಮೊನೊಂಗಹೇಲಾ ನದಿ ದಂಡೆಯ ಒಂದು ಉಕ್ಕಿನ ಕಾರ್ಖಾನೆಗೆ ಸೇರಿದವರು. ಈಗ ಆ ದಂಡೆಯ ಬಹುಪಾಲು ಕಡೆ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಹೋಮ್‌ಸ್ಟೆಡ್‌ನ ದೊಡ್ಡ ಕಾರ್ಖಾನೆ 1986ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಅಂಗಡಿ ಸಾಲು, ಸಿನಿಮಾ ಮಂದಿರ. ಹಳೆಯ 12 ಚಿಮಣಿಗಳನ್ನು ಮಾತ್ರ ಕೆಡವದೆ ಉಳಿಸಿಕೊಂಡಿದ್ದಾರೆ.

ಜನ ಮರೆಯುವುದೇನೆಂದರೆ, ಇದು ಅಲ್ಯುಮಿನಿಯಂ ಊರೂ ಹೌದು. ಪೇಟೆ ಮಧ್ಯೆ ಉಕ್ಕಿನ ಕಂಪನಿಯ 64 ಅಂತಸ್ತಿನ ತುಕ್ಕು ಬಣ್ಣದ ಗೋಪುರ ಇದೆ. ಅದಕ್ಕೂ ಮೊದಲೇ, 1953ರಲ್ಲಿ, ಅಲ್ಯುಮಿನಿಯಂ ಕಂಪನಿ ಮೈಯೆಲ್ಲ ಅಲ್ಯುಮಿನಿಯಂ ಹೊದಿಸಿದ ಮೂವತ್ತು ಅಂತಸ್ತಿನ ಕಟ್ಟಡ ಕಟ್ಟಿ ನಿಲ್ಲಿಸಿತ್ತು. ಜೀವಮಾನವೆಲ್ಲ ಉಕ್ಕು ಕಾಯಿಸಿದ ಅಜ್ಜ ತಮ್ಮ ಗ್ಯಾರೇಜಿನಲ್ಲಿ ಬಿಯರ್ ಕುದಿಸುವುದು ಅಲ್ಯುಮಿನಿಯಂ ಪಾತ್ರೆಯಲ್ಲಿ!

ಅದು ಟರ್ಕಿ ಕೋಳಿ ಕರಿಯುವ ಪಾತ್ರೆ. ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ ಎಲ್ಲ ಅಂಗಡಿಯಲ್ಲೂ ರಾಶಿ ಹಾಕಿರುತ್ತಾರೆ, ಜೊತೆಗೆ ಪ್ರೊಪೇನ್ ಬರ್ನರ್ ಕೂಡ. ಸುಮಾರು 28 ಲೀಟರ್ ಹಿಡಿಯುತ್ತದೆ. ಬಿಯರ್ ಮಾಡುವವರ ರೂಢಿಯ ಅಳತೆ 5 ಗ್ಯಾಲನ್, ಅಂದರೆ 19 ಲೀಟರ್. ಅದನ್ನು ಉಕ್ಕದ ಹಾಗೆ ಕುದಿಸಲು ಇಷ್ಟಾದರೂ ಜಾಗ ಬೇಕು. ಅಜ್ಜನ ಹತ್ತಿರ ಒಂದು ಸ್ಟೀಲ್ ಪಾತ್ರೆಯೂ ಇದೆ, ಮಗ ತಂದುಕೊಟ್ಟದ್ದು. ನಾನೂ ಒಂದು ಸಲ ಮಾಡಿ ನೋಡುತ್ತೇನೆ ಅಂದದ್ದಕ್ಕೆ ಎರಡನ್ನೂ ಮುಂದಿಟ್ಟು, "ಯಾವುದು ಬೇಕೋ ಒಯ್ಯಿ" ಅಂದರು. ನನ್ನ ಕೈ ಸೀದಾ ಸ್ಟೀಲ್‌ಗೆ ಹೋಯಿತು.

"ಯಾಕೆ?" ಅಂದರು.

ರುಚಿ ಕೆಡುತ್ತಲ್ವಾ, ಲೋಹದ ವಾಸನೆ ಬರುತ್ತಲ್ವಾ ಅಂದೆ. ಅಜ್ಜ ಅಲ್ಯುಮಿನಿಯಂ ಪಾತ್ರೆಯನ್ನು ಬೆಳಕಿಗೆ ವಾಲಿಸಿ ಒಳಗೆ ತೋರಿಸಿದರು. ಹೊರಗೆ ಬೆಳ್ಳಗೆ ಹೊಳೆಯುವ ಪಾತ್ರೆ ಒಳಗೆ ಮಂಕು ಬೂದು. ನೀರು ನಿಲ್ಲುತ್ತಿದ್ದ ಮಟ್ಟಕ್ಕೆ ಸುತ್ತಲೂ ಒಂದು ಕಪ್ಪನೆ ಗೆರೆ. ಅದು ಕೊಳೆಯಲ್ಲ, ಆಕ್ಸೈಡ್ ಪದರ. ಹೊಸ ಪಾತ್ರೆ ತಂದಾಗ ಮೊದಲು ಬರೀ ನೀರು ತುಂಬಿ ಅರ್ಧ ಗಂಟೆಯೋ ಇನ್ನೂ ಸ್ವಲ್ಪ ಹೊತ್ತೋ ಕುದಿಸಬೇಕಂತೆ. ಆಗ ಈ ಪದರ ಗಟ್ಟಿಯಾಗುತ್ತದೆ, ಒಳಗಿನ ಲೋಹಕ್ಕೂ ಬಿಯರ್‌ಗೂ ನಡುವೆ ಅದೇ ತಡೆ. ತೊಳೆಯುವಾಗ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದರೆ ಮತ್ತೆ ಮೊದಲಿಂದ ಶುರು. ಉಜ್ಜದೆ ಬಿಡುವುದು ಅಂದರೆ ನಮ್ಮಂಥವರಿಗೆ ಕೈ ತುರಿಸುತ್ತದೆ, ಅದು ಬೇರೆ ಮಾತು.

ಹುಳಿ ತಾಗಿದರೆ ಅಲ್ಯುಮಿನಿಯಂ ಬಿಡುತ್ತದೆ ಅನ್ನುವುದು ನಿಜ. ಹುಣಸೆಹುಳಿ ಅದರಲ್ಲಿ ಇಡಬಾರದು ಅಂತ ನಮ್ಮ ಅಡುಗೆಮನೆಗಳಿಗೂ ಗೊತ್ತು. ಆದರೆ ಆ ಪದರ ಸುಮಾರು 4ರಿಂದ 8.5ರವರೆಗಿನ ಪಿಎಚ್‌ಗೆ, ಅಂದರೆ ಹುಳಿಯ ಅಳತೆಗೆ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), ಅಲ್ಲಾಡುವುದಿಲ್ಲ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿ ರಸಕ್ಕೆ, ಇವರು ವರ್ಟ್ ಅನ್ನುತ್ತಾರೆ, ಪಿಎಚ್ 5ಕ್ಕಿಂತ ಸ್ವಲ್ಪ ಮೇಲೆ. ಅದು ಪಾತ್ರೆಯಲ್ಲಿ ಇರುವುದೂ ಕೆಲವೇ ಗಂಟೆ. ಯೀಸ್ಟ್ ಹಾಕಿದ ಮೇಲೆ ಹುಳಿ ಏರುವುದು ನಿಜ, ಆದರೆ ಆ ಹೊತ್ತಿಗೆ ರಸ ಪ್ಲಾಸ್ಟಿಕ್ ಬಕೆಟ್ಟಿಗೋ ಗಾಜಿನ ಬುಡ್ಡಿಗೋ ಹೋಗಿರುತ್ತದೆ. ಪಾತ್ರೆಗೆ ಆ ಹುಳಿಯ ಸುದ್ದಿಯೇ ಇಲ್ಲ.

"ಮರೆವಿನ ಕಾಯಿಲೆ ಬರುತ್ತಂತಲ್ಲ?" ಅಂದೆ. ಈ ಅನುಮಾನ ಹುಟ್ಟಿದ್ದು 1960ರ ದಶಕದಲ್ಲಿ, ಮೊಲಗಳ ಮೆದುಳಿಗೆ ಅಲ್ಯುಮಿನಿಯಂ ಲವಣ ಚುಚ್ಚಿ ಮಾಡಿದ ಪ್ರಯೋಗಗಳಿಂದ. ಅಡುಗೆ ಪಾತ್ರೆಯಿಂದ ಅಲ್ಝೈಮರ್ ಬರುತ್ತದೆ ಅಂತ ಆಮೇಲೆ ಯಾವ ಸಂಶೋಧನೆಯೂ ಸಾಬೀತು ಮಾಡಿಲ್ಲ. ಚಹಾ ಎಲೆಯಲ್ಲೂ ಅಲ್ಯುಮಿನಿಯಂ ಇದೆ. ಹೊಟ್ಟೆಯುರಿಗೆ ನುಂಗುವ ಎಷ್ಟೋ ಆಂಟಾಸಿಡ್‌ಗಳಲ್ಲಿ ಇರುವುದು ಅಲ್ಯುಮಿನಿಯಂ ಹೈಡ್ರಾಕ್ಸೈಡೇ. "ನಾನು ಅದನ್ನ ದಿನಾ ತಿಂತೀನಿ, ನಿನ್ನ ಹೆಸರು ಇನ್ನೂ ನೆನಪಿದೆ" ಅಂದರು ಅಜ್ಜ.

ಉಳಿದ ಲೆಕ್ಕವೂ ಅಲ್ಯುಮಿನಿಯಂ ಕಡೆಗೇ. ತೂಕ ಸ್ಟೀಲಿನ ಮೂರನೇ ಒಂದು ಭಾಗ. 19 ಲೀಟರ್ ಕುದಿರಸ ತುಂಬಿದ ಪಾತ್ರೆ ಎತ್ತುವ ಎಪ್ಪತ್ತರ ಬೆನ್ನಿಗೆ ಇದು ಸಣ್ಣ ವಿಷಯವಲ್ಲ. ಬಿಸಿ ಹರಡುವುದರಲ್ಲಿ ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟು ಜಾಸ್ತಿ ಚುರುಕು. ತೆಳು ತಳದ ಸ್ಟೀಲ್ ಪಾತ್ರೆಗೆ ಮಾಲ್ಟ್ ಪಾಕ ಸುರಿದರೆ, ಉರಿ ತಾಗುವ ಜಾಗದಲ್ಲೇ ಸೀದು ಹೋಗುತ್ತದೆ, ಬಿಯರಿಗೆಲ್ಲ ಸೀಕಲು ರುಚಿ. ಪಾಕ ಹಾಕುವಾಗ ಉರಿ ಆರಿಸಿ ಕಲಕಬೇಕು. ಬೆಲೆಯಲ್ಲೂ ಅಲ್ಯುಮಿನಿಯಂ ಹಗುರವೇ.

ಒಂದು ವಿಷಯದಲ್ಲಿ ಮಾತ್ರ ಅಜ್ಜ ಸ್ಟೀಲಿಗೆ ಸೋತರು: ತೊಳೆಯುವುದು. ಕಾಸ್ಟಿಕ್ ಸೋಡಾದಂಥ ಕ್ಷಾರ ತಾಗಿದರೆ ಅಲ್ಯುಮಿನಿಯಂ ಬುಸುಬುಸು ಅಂತ ಕರಗುತ್ತದೆ. ಸ್ಟೀಲಿಗೆ ಅದರ ಭಯ ಇಲ್ಲ. ಬ್ಲೀಚ್ ಮಾತ್ರ ಎರಡಕ್ಕೂ ಆಗದು. ಅದರ ಕ್ಲೋರಿನ್ ಸ್ಟೀಲಿನಲ್ಲೂ ಸೂಜಿಮೊನೆಯಂಥ ತೂತು ಕೊರೆಯುತ್ತದೆ.

ಕೊನೆಗೆ ನಾನು, "ಆದರೂ ಅದು ಚೀಪ್ ಲೋಹ ಅಲ್ವಾ" ಅಂದುಬಿಟ್ಟೆ. ಅಜ್ಜ ಜೋರಾಗಿ ನಕ್ಕರು. ವಾಷಿಂಗ್ಟನ್ ಸ್ಮಾರಕದ ತುದಿ ನೋಡಿದೀಯಾ ಅಂದರು. 1884ರಲ್ಲಿ ಅದರ ನೆತ್ತಿಗೆ ಕೂರಿಸಿದ್ದು ಅಲ್ಯುಮಿನಿಯಂ ಕಳಶ. ಆಗ ಅದಕ್ಕೆ ಬೆಳ್ಳಿಗೆ ಹತ್ತಿರದ ಬೆಲೆ. ಎರಡು ವರ್ಷ ಕಳೆದು 1886ರಲ್ಲಿ, ಪಕ್ಕದ ಒಹಾಯೊ ರಾಜ್ಯದ ಒಬರ್ಲಿನ್‌ನಲ್ಲಿ, ಚಾರ್ಲ್ಸ್ ಮಾರ್ಟಿನ್ ಹಾಲ್ ಅನ್ನುವ 22ರ ಹುಡುಗ ವಿದ್ಯುತ್ ಹಾಯಿಸಿ ಅದನ್ನು ಅಗ್ಗವಾಗಿ ತೆಗೆಯುವ ದಾರಿ ಕಂಡುಹಿಡಿದ. ಅದೇ ವರ್ಷ ಫ್ರಾನ್ಸಿನಲ್ಲಿ ಎರೂ ಅನ್ನುವವನೂ ಕಂಡುಹಿಡಿದ. ಹಾಲ್‌ಗೆ ಬಂಡವಾಳ ಸಿಕ್ಕಿ ಕಂಪನಿ ಶುರುವಾದದ್ದು 1888ರಲ್ಲಿ, ಈ ಪಿಟ್ಸ್‌ಬರ್ಗ್‌ನಲ್ಲೇ. ಕಳಶದಲ್ಲಿದ್ದ ಲೋಹ ನೋಡನೋಡುತ್ತಲೇ ಅಡುಗೆಮನೆಗೆ ಇಳಿಯಿತು.

ಆಗಲೇ ಅವರು ಆ ಪ್ರಶ್ನೆ ಕೇಳಿದ್ದು.

"ನಮ್ಮಜ್ಜಿ" ಅಂದೆ. "ಹಾಗಾದರೆ ನಾನು ವಾದ ಮಾಡಲ್ಲ" ಅಂದು ಅಜ್ಜ ಕೈ ಮೇಲೆತ್ತಿದರು. ಉಳಿದದ್ದನ್ನು ನಾನು ಹೇಳಲಿಲ್ಲ.

ಉಳಿದದ್ದು ಇದು. ನಮ್ಮ ಮನೆಯ ಸ್ಟೀಲ್ ಪಾತ್ರೆಗಳ ಮೇಲೆಲ್ಲ ಹೆಸರಿತ್ತು. ಅಮ್ಮನ ಮದುವೆಗೆ ಬಂದ ಚೊಂಬು, ಗೃಹಪ್ರವೇಶಕ್ಕೆ ಬಂದ ಡಬರಿ, ಎಲ್ಲದರ ಅಂಚಿನಲ್ಲೂ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಕೊಟ್ಟವರ ಹೆಸರು, ತಾರೀಕು. ಊಟ ಮಾಡುತ್ತಾ ಬೆರಳಲ್ಲಿ ಆ ಚುಕ್ಕಿ ಸವರುವುದು ನನ್ನ ಅಭ್ಯಾಸ. ಹೆಸರಿಲ್ಲದ ಪಾತ್ರೆಗಳೂ ಇದ್ದವು. ಹಿತ್ತಲ ಬಾಗಿಲ ಆಚೆ, ಕೊಟ್ಟಿಗೆ ಗೋಡೆಯ ಕಟ್ಟೆಯ ಮೇಲೆ ಕವುಚಿ ಹಾಕಿದ ನಾಲ್ಕಾರು ಅಲ್ಯುಮಿನಿಯಂ ತಟ್ಟೆ, ಲೋಟ. ನೆಗ್ಗಿ ಸೊಟ್ಟಗಾಗಿದ್ದವು. ತೋಟದ ಕೆಲಸದವರು ಅವನ್ನು ತಾವೇ ತೆಗೆದುಕೊಂಡು, ತಿಂದು, ತಾವೇ ತೊಳೆದು ಕವುಚಿ ಹೋಗಬೇಕು. ಅಜ್ಜಿ ಕಾಫಿ ಹುಯ್ಯುತ್ತಿದ್ದದ್ದು ಮೇಲಿಂದ, ಚೊಂಬು ಲೋಟಕ್ಕೆ ತಾಗದ ಹಾಗೆ. ಒಂದು ಹನಿಯೂ ಆಚೆ ಚೆಲ್ಲುತ್ತಿರಲಿಲ್ಲ.

ಒಮ್ಮೆ ಆಟ ಆಡಿ ಬಾಯಾರಿ, ಹತ್ತಿರ ಸಿಕ್ಕಿತಲ್ಲ ಅಂತ ಆ ಲೋಟದಲ್ಲೇ ನೀರು ಮೊಗೆದುಕೊಂಡೆ. ಅಜ್ಜಿ ಒಳಗಿಂದ ಓಡಿಬಂದು ಕಿತ್ತುಕೊಂಡಳು. "ಅದ್ರಲ್ಲಿ ಕುಡೀಬಾರ್ದು ಮಗಾ, ಅಲ್ಯುಮಿನಿಯಂ ಮೈಗೆ ಒಳ್ಳೇದಲ್ಲ." ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದವರಿಗೆಲ್ಲ ಅದು ಕೇಳಿಸಿತು. ಅವರೂ ಅದರಲ್ಲೇ ಕುಡಿಯುತ್ತಿದ್ದರು.

ಗ್ಯಾರೇಜಿನಲ್ಲಿ ಇದನ್ನು ಯಾಕೆ ಬಾಯಿಬಿಡಲಿಲ್ಲ? ಊರಿನ ಮಾನ ಅಂತ ಅನ್ನಿಸಿತೋ ಏನೋ. ಇವರ ದೇಶದಲ್ಲೂ ಅಜ್ಜ ಶಾಲೆಗೆ ಹೋಗುವ ಕಾಲದಲ್ಲಿ, ದಕ್ಷಿಣದ ರಾಜ್ಯಗಳಲ್ಲಿ, ಬಿಳಿಯರಿಗೆ ಒಂದು ಕುಡಿಯುವ ನಲ್ಲಿ, ಕಪ್ಪು ಜನಕ್ಕೆ ಇನ್ನೊಂದು ಇತ್ತು. ಅದಕ್ಕೆ ಬೋರ್ಡೇ ಇತ್ತು, 1964ರಲ್ಲಿ ಕಾನೂನು ತಂದು ನಿಲ್ಲಿಸಿದರು. ನಮ್ಮಲ್ಲೂ ಅಸ್ಪೃಶ್ಯತೆಗೆ ಸಂವಿಧಾನದಲ್ಲೇ ನಿಷೇಧ ಇದೆ. ಹಿತ್ತಲ ಕಟ್ಟೆಗೆ ಬೋರ್ಡ್ ಇರಲಿಲ್ಲ, ಆರೋಗ್ಯದ ಮಾತಿತ್ತು.

ಆ ಭಾನುವಾರ ಅಣ್ಣನಿಗೆ ಫೋನ್ ಮಾಡಿದಾಗ, ಆ ಲೋಟಗಳು ಇನ್ನೂ ಇದಾವಾ ಅಂತ ಕೇಳಿದೆ.

"ಅದೆಲ್ಲ ಯಾವಾಗ್ಲೋ ಗುಜರಿಗೆ ಹೋಯ್ತು ಮಾರಾಯ. ಈಗ ಯಾರು ಹಾಗೆಲ್ಲ ಮಾಡ್ತಾರೆ?"

"ಮತ್ತೆ ಕೆಲಸದವರಿಗೆ ಕಾಫಿ?"

"ಪೇಪರ್ ಲೋಟ. ಕುಡಿದು ಬಿಸಾಕಿದ್ರೆ ಆಯ್ತು, ತೊಳೆಯೋ ರಗಳೆ ಇಲ್ಲ."

"ನಿನಗೆ?"

"ನಿಂಗೆ ಅಲ್ಲಿ ಮಾಡಕ್ಕೆ ಬೇರೆ ಕೆಲಸ ಇಲ್ವಾ?" ಅಂದ.

ಅಣ್ಣ ಕೆಟ್ಟವನಲ್ಲ. ಕೆಲಸದವರ ಮಗುವಿಗೆ ಜ್ವರ ಬಂದರೆ ರಾತ್ರಿ ಎದ್ದು ತನ್ನ ಕಾರಲ್ಲೇ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಶಾಲೆ ಫೀಸಿಗೆ ಕೈ ಬಿಚ್ಚಿ ಕೊಡುತ್ತಾನೆ. ಕಾಫಿಯೂ ಒಂದೇ ಪಾತ್ರೆಯದ್ದು. ಲೋಟ ಮಾತ್ರ ಬೇರೆ, ಅದೂ ಈಗ ಸಂಜೆಗೆ ತಿಪ್ಪೆ ಸೇರುತ್ತದೆ, ಕಟ್ಟೆಯ ಮೇಲೆ ಕಾಣುವುದಕ್ಕೂ ಉಳಿಯುವುದಿಲ್ಲ.

ಪಾತ್ರೆ ವಿಷಯಕ್ಕೆ ಬರುತ್ತೇನೆ. ನಾನು ಕೊಂಡದ್ದು ಸ್ಟೀಲನ್ನೇ. ನಮ್ಮ ಮನೆಯಲ್ಲಿರುವುದು ಇಂಡಕ್ಷನ್ ಒಲೆ, ಬರೀ ಅಲ್ಯುಮಿನಿಯಂ ಪಾತ್ರೆ ಇಟ್ಟರೆ ಅದು ಕಣ್ಣು ಮಿಟುಕಿಸಿ ಸುಮ್ನಾಗುತ್ತದೆ. ಅರ್ಧ ಅಳತೆಗೆ, ಅಂದರೆ ಒಂಬತ್ತೂವರೆ ಲೀಟರಿಗೆ, 19 ಲೀಟರಿನ ಪಾತ್ರೆ ಸಾಕು. ನೀವೂ ಕೊಳ್ಳುವುದಿದ್ದರೆ ಹೊಳಪು ನೋಡಬೇಡಿ, ತಳ ನೋಡಿ. ದಪ್ಪ ಪದರದ ತಳ ಇಲ್ಲದ ಸ್ಟೀಲ್ ಪಾತ್ರೆಗಿಂತ ಒಳ್ಳೆ ಅಲ್ಯುಮಿನಿಯಂ ಪಾತ್ರೆ ಎಷ್ಟೋ ವಾಸಿ.

ಪಾತ್ರೆ ತಂದು ಅಜ್ಜನಿಗೆ ತೋರಿಸಿದೆ. ಫ್ರಿಜ್ ಮೇಲಿನ ಆಯಸ್ಕಾಂತ ಕಿತ್ತು ತಂದು ಮೊದಲು ಪಕ್ಕಕ್ಕೆ ಹಚ್ಚಿದರು. ಜಾರಿ ಬಿತ್ತು. ತಳಕ್ಕೆ ಹಚ್ಚಿದರು, ಟಪ್ ಅಂತ ಕಚ್ಚಿಕೊಂಡಿತು. ಇಂಡಕ್ಷನ್‌ಗೆ ಆಗುತ್ತೆ ಅಂದರು. ಆಮೇಲೆ ಕನ್ನಡಕ ಏರಿಸಿ ತಳದ ಅಂಚು ನೋಡಿದರು. ಎರಡು ಸ್ಟೀಲ್ ತಗಡಿನ ನಡುವೆ, ಬಿಸಿ ಸಮನಾಗಿ ಹರಡಲಿ ಅಂತ, ದಪ್ಪನೆಯ ಅಲ್ಯುಮಿನಿಯಂ ಬಿಲ್ಲೆ ಕೂರಿಸಿರುತ್ತಾರೆ.

"ಇಷ್ಟು ದುಡ್ಡು ಕೊಟ್ಟು ಕೊನೆಗೂ ಅಲ್ಯುಮಿನಿಯಂ ತಂದೆ ನೋಡು" ಅಂದು, ಆಯಸ್ಕಾಂತ ಜೇಬಿಗೆ ಹಾಕಿಕೊಂಡು ಹೋದರು.