ಗಸಗಸೆ ಡಬ್ಬಿಯ ತಲೆಕಟ್ಟು

ಗೌರಿಬಿದನೂರು
23 ನವೆಂಬರ್ 2025, ಭಾನುವಾರ

ಅಡುಗೆಮನೆಯ ಡಬ್ಬಿಗಳಿಗೆ ಅಂಟಿಸುವ ಚೀಟಿಗಳನ್ನು ತಾವೇ ಬರೆಯುತ್ತೇನೆಂದು ದೊಡ್ಡಮ್ಮ ಹಟ ಹಿಡಿದು ಇಂದಿಗೆ ನಾಲ್ಕು ದಿನ. ಮೊದಲಿಗೆ ಗಸಗಸೆಯನ್ನು ಆರಿಸಿದವಳು ನಾನೇ. ಮಗಳಿಗೆ ಶಾಲೆಯಲ್ಲಿ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕೆಯವರು ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿದ್ದರು. ಎರಡೇ ಅಕ್ಷರ ತಿದ್ದಿದರೆ ಒಂದು ಡಬ್ಬಿಯ ಹೆಸರು ಮುಗಿಯುತ್ತದಲ್ಲ ಎಂದುಕೊಂಡೆ.

ಇಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ಕೈಯನ್ನೇ ನೋಡುತ್ತಿದ್ದೆ. ಉಗುರು ಬಿಳಿಚುವಷ್ಟು ಒತ್ತಿ ಹಿಡಿದ ಪೆನ್ಸಿಲ್ಲು ಗ ಅಕ್ಷರದ ಕಮಾನನ್ನು ಹತ್ತಿ ಇಳಿಯುವಷ್ಟರಲ್ಲಿ ಮೂರು ಕಡೆ ನಿಂತಿತು, ಗೆರೆ ನಡುಗಿತು. ಆಮೇಲೆ ತಲೆಕಟ್ಟಿನ ಸರದಿ ಬಂದಾಗ ಕೈ ಸರಕ್ಕನೆ ಕೆಳಗಿಳಿದು ಬಲಕ್ಕೆ ಮೇಲೇರಿ, ಮೇಷ್ಟರು ಸರಿ ಗುರುತು ಹಾಕಿದಂತೆ ಒಂದೇ ಎಳೆತಕ್ಕೆ ಮುಗಿಸಿಬಿಟ್ಟಿತು. ಅದು ತೆಲುಗಿನ ತಲಕಟ್ಟು; ಕನ್ನಡದ ತಲೆಕಟ್ಟಾದರೆ ಅಕ್ಷರದ ನೆತ್ತಿಯ ಅಡ್ಡಗೆರೆ. ಸ ಅಕ್ಷರದ ಮೇಲೂ ಅದೇ, ಮುಂದಿನ ಗ ಅಕ್ಷರದ ಮೇಲೂ ಅದೇ.

"ನಾನು ಬೇಕಂತ ಮಾಡ್ತಿಲ್ಲ ಕಣಮ್ಮ, ಕೈ ಹಂಗೇ ಹೋಗುತ್ತೆ" ಎಂದರು.

ಚಿಕ್ಕಂದಿನಲ್ಲಿ ಹಿಂದೂಪುರದ ಅಜ್ಜಿಯ ಮನೆಯಲ್ಲಿದ್ದುಕೊಂಡು ಎರಡು ವರ್ಷ ತೆಲುಗು ಶಾಲೆಗೆ ಹೋದದ್ದು ಬಿಟ್ಟರೆ ಅವರಿಗೆ ಬೇರೆ ಓದಿಲ್ಲ. ಸುಮಾರು 55 ವರ್ಷಗಳಿಂದ ಏನನ್ನೂ ಬರೆದವರಲ್ಲ, ಸಂಘದ ಪುಸ್ತಕಕ್ಕೂ ಹೆಬ್ಬೆಟ್ಟನ್ನೇ ಒತ್ತುತ್ತಾರೆ. ಹಿಂದೂಪುರದ ಬಸ್ಸಿನ ತೆಲುಗು ಫಲಕವನ್ನು ತೋರಿಸಿದರೆ ಒಂದಕ್ಷರವನ್ನೂ ಗುರುತಿಸಲಾರರು. ಕಣ್ಣು ಮರೆತದ್ದನ್ನು ಕೈ ಇಷ್ಟು ಕಾಲ ಎಲ್ಲಿ ಇಟ್ಟುಕೊಂಡಿತ್ತು?

ಅಮೆರಿಕದ ಹೆನ್ರಿ ಮೊಲೈಸನ್ ನೆನಪಾದರು. ಮೂರ್ಛೆರೋಗದ ಪರಿಹಾರಕ್ಕೆಂದು 1953ರಲ್ಲಿ ನಡೆದ ಮೆದುಳಿನ ಶಸ್ತ್ರಚಿಕಿತ್ಸೆಯ ಬಳಿಕ ಅವರಿಗೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವರಿಗೆ ಒಂದು ನಕ್ಷತ್ರದ ಚಿತ್ರ ಕೊಟ್ಟು, ಕೈಯನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಅದರ ಜೋಡಿ ಅಂಚುಗಳ ನಡುವೆ ಗೆರೆ ಎಳೆಯಲು ಹೇಳಿದರು. ಮೂರು ದಿನಗಳಲ್ಲಿ ಅವರ ಕೈ ಪಳಗಿತು. ಆದರೆ ಆ ಕೆಲಸವನ್ನು ಹಿಂದೆ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ. ಸಂಗತಿಯ ನೆನಪು ಬೇರೆ, ಕೈಯ ನೆನಪು ಬೇರೆ ಎಂಬುದು ಹೀಗೆ ತಿಳಿದುಬಂತು. ಇದನ್ನು ಎಂದೋ ಓದಿದ್ದೆ, ಇಂದು ನಮ್ಮ ಮನೆಯ ಚಾಪೆಯ ಮೇಲೆ ಕಂಡೆ.

ಪಕ್ಕದ ಮನೆಯವರು ಬಾಗಿಲಲ್ಲೇ ನಿಂತು "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ನಕ್ಕು ಹೋದರು. ನನಗೆ ಬಹಳ ಸಿಟ್ಟು ಬಂತು. ದೊಡ್ಡಮ್ಮನ ತೊಡಕಿರುವುದೇ ಗಿಡವಾಗಿದ್ದಾಗ ಚೆನ್ನಾಗಿ ಬಗ್ಗಿದ್ದರಲ್ಲಿ.

ಮಗಳು ಅಜ್ಜಿಯ ಎದುರಿಗೆ ಮಂಡಿಯೂರಿ ತಾನೂ ಗಸಗಸೆ ಬರೆದಳು. ಅವಳ ಎರಡು ಗ ಅಕ್ಷರಗಳಲ್ಲಿ ಒಂದು ಮಡಕೆಯಂತೆ, ಇನ್ನೊಂದು ಗುಬ್ಬಚ್ಚಿಯಂತೆ. ಮೊದಲಾಗಿದ್ದರೆ ಚುಕ್ಕಿಗಳ ಮೇಲೆ ತಿದ್ದಿಸುತ್ತಿದ್ದೆ. ಇಂಡಿಯಾನಾ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ ಮತ್ತು ಅವರ ಸಹೋದ್ಯೋಗಿ 2012ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ ಮೇಲೆ ಅದನ್ನು ಕಡಿಮೆ ಮಾಡಿದ್ದೇನೆ. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಂದ ಕೆಲವು ಅಕ್ಷರಗಳನ್ನು ಕೈಯಾರೆ ಬರೆಸಿ, ಕೆಲವನ್ನು ತಿದ್ದಿಸಿ, ಕೆಲವನ್ನು ಕೀಲಿ ಒತ್ತಿಸಿ, ಅನಂತರ ಅವೇ ಅಕ್ಷರಗಳನ್ನು ತೋರಿಸುತ್ತಾ ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಓದಿಗೆ ಸಂಬಂಧಿಸಿದ ಭಾಗಗಳು ಎಚ್ಚೆತ್ತದ್ದು ಮುಖ್ಯವಾಗಿ ತಾವಾಗಿ ಬರೆದ ಅಕ್ಷರಗಳಿಗೆ. ಪ್ರತಿ ಸಲವೂ ಬೇರೆ ಬೇರೆಯಾಗಿ ಮೂಡುವ ಆ ಸೊಟ್ಟ ರೂಪಗಳೇ ಅಕ್ಷರವನ್ನು ಗುರುತಿಸಲು ಕಲಿಸುತ್ತವೆಂದು ಅವರು ಊಹಿಸುತ್ತಾರೆ. ಕಾಗೆ ಕಾಲು ಗುಬ್ಬಿ ಕಾಲು ಎಂದು ಬೈಯುವುದನ್ನು ನಾನಂತೂ ನಿಲ್ಲಿಸಿದ್ದೇನೆ.

ದೊಡ್ಡಮ್ಮನ ವಿಷಯದಲ್ಲಿ ನಾನು ತಪ್ಪು ಮಾಡಿದೆನೇನೋ ಎಂಬ ಕೊರಗು ಮಾತ್ರ ಹೋಗುತ್ತಿಲ್ಲ. ಗುರುವಾರ ಅವರು ಅಡ್ಡಗೆರೆಯ ತಲೆಕಟ್ಟನ್ನು ಹತ್ತಾರು ಸಲ ಸರಿಯಾಗಿ ಬರೆದ ಮೇಲೆ, ವ್ಯತ್ಯಾಸ ತಿಳಿಯಲೆಂದು ತೆಲುಗಿನದನ್ನೂ ಪಕ್ಕಕ್ಕೆ ಬರೆಸಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಕಲಸಿಹೋಗಿದ್ದವು. ಹೈಫಾ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 9, 12 ಮತ್ತು 17 ವರ್ಷದವರಿಗೆ ಬೆರಳುಗಳನ್ನು ಒಂದು ಕ್ರಮದಲ್ಲಿ ಮುಟ್ಟಿಸುವುದನ್ನು ಕಲಿಸಿ, ಎರಡು ಗಂಟೆಯ ಬಳಿಕ ಅದರ ಹಿಮ್ಮೊಗ ಕ್ರಮವನ್ನು ಅಭ್ಯಾಸ ಮಾಡಿಸಿದರು. ಮರುದಿನ ಚಿಕ್ಕ ಮಕ್ಕಳ ಕೈ ಮೊದಲ ಪಾಠದಲ್ಲಿ ಇನ್ನಷ್ಟು ಚುರುಕಾಗಿತ್ತು. 17ರವರಿಗೆ ಆ ಲಾಭ ದಕ್ಕಲಿಲ್ಲ. ಅದು ಬೆರಳಿನ ಕೆಲಸ, ಅಕ್ಷರದ್ದಲ್ಲ. ದೊಡ್ಡಮ್ಮನ ವಯಸ್ಸಿನವರೂ ಅಲ್ಲಿರಲಿಲ್ಲ. ಆದರೂ ಒಂದನ್ನು ಕಲಿತು ಮಲಗಿ ಏಳುವವರೆಗೆ ಕೈಗೆ ಅದರ ವಿರುದ್ಧದ್ದನ್ನು ಕೊಡಬಾರದಿತ್ತು ಎಂದು ಅನ್ನಿಸುತ್ತಿದೆ.

ರಾತ್ರಿ ಊಟವಾದ ಮೇಲೆ ದೊಡ್ಡಮ್ಮ ಇನ್ನೊಂದು ಚೀಟಿ ಕೇಳಿದರು. ಅಡ್ಡಗೆರೆಯನ್ನು ಮಾತ್ರ ಐದು ಸಲ ಎಳೆಸಿ, ಪೆನ್ಸಿಲ್ಲನ್ನು ಎತ್ತಿಟ್ಟು, ಮಲಗಲು ಕಳುಹಿಸಿದೆ. ನಾಳೆ ಜೀರಿಗೆಯ ಡಬ್ಬಿಯಂತೆ. ಜೀರಿಗೆ ಎಂದು ಬರೆದು ನೋಡಿದೆ: ಜೀ, ರಿ, ಗೆ, ಮೂರಕ್ಕೂ ತಲೆಕಟ್ಟೇ ಇಲ್ಲ. ಸಾಸಿವೆಗೂ ಇಲ್ಲ. ಇವನ್ನೇ ಮೊದಲು ಬರೆಸಿ ಅವರಿಗೆ ಧೈರ್ಯ ತುಂಬಿ, ಆಮೇಲೆ ಗಸಗಸೆಗೆ ಮರಳಬಹುದೇನೋ, ಆದರೆ ಅಷ್ಟರಲ್ಲಿ ಅಡ್ಡಗೆರೆ ಕೈತಪ್ಪಿದರೆ