ಪ್ರಾಗ್: ಇಬ್ಬರಿಗೆ ಒಂದು ದಿನ, ಗುಡ್ಡದಿಂದ ಕೆಳಕ್ಕೆ

ಚೆಕ್ ದೇಶದ ರಾಜಧಾನಿ ಪ್ರಾಗ್ ನಗರವನ್ನು ಒಂದೇ ದಿನದಲ್ಲಿ ನೋಡುವುದಾದರೆ ಜಾಗಗಳಿಗಿಂತ ಅವುಗಳ ಸರದಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು. ಹೆಚ್ಚಿನವರು ನಿಧಾನವಾಗಿ ತಿಂಡಿ ಮುಗಿಸಿ ಹತ್ತರ ಸುಮಾರಿಗೆ ಹಳೇ ಪಟ್ಟಣದ ಚೌಕದಿಂದ ಹೊರಡುತ್ತಾರೆ. ಜನಜಂಗುಳಿಯಲ್ಲಿ ಸೇತುವೆ ದಾಟಿ, ಬಿಸಿಲೇರಿದ ಮೇಲೆ ಕೋಟೆಯ ಮೆಟ್ಟಿಲು ಹತ್ತುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಇಬ್ಬರ ಕಾಲೂ ಸೋತು ಮಾತೂ ನಿಂತಿರುತ್ತದೆ. ಗುಡ್ಡ ಹತ್ತುವ ಕೆಲಸವನ್ನು ಟ್ರಾಮಿಗೆ ಬಿಟ್ಟು ಇಳಿಯುವುದನ್ನಷ್ಟೇ ನೀವು ಇಟ್ಟುಕೊಂಡರೆ ದಿನ ಹಗುರಾಗುತ್ತದೆ.

ಮೊದಲು ಚಾರ್ಲ್ಸ್ ಸೇತುವೆ, ಅದೂ ಬೆಳಕು ಹರಿಯುವಾಗಲೇ. ರಾಜ ನಾಲ್ಕನೇ ಚಾರ್ಲ್ಸ್ 1357ರಲ್ಲಿ ಶುರು ಮಾಡಿಸಿದ ಈ ಸೇತುವೆ 516 ಮೀಟರ್ ಉದ್ದ, ಎರಡೂ ಬದಿ ಸೇರಿ 30 ಶಿಲ್ಪಗಳು. ಬಹಳಷ್ಟು ಶಿಲ್ಪಗಳು ಪ್ರತಿಕೃತಿಗಳು, ಮೂಲಗಳು ಮಳೆ ಗಾಳಿಗೆ ಸವೆಯದಂತೆ ಒಳಗೆ ಸೇರಿವೆ. ಹಳೇ ಪಟ್ಟಣದ ತುದಿಯಿಂದ ಹೊರಟರೆ ಸೂರ್ಯ ಬೆನ್ನ ಹಿಂದಿರುತ್ತಾನೆ, ಬೆಳಕು ನೇರ ಕೋಟೆಯ ಮೇಲೆ ಬೀಳುತ್ತದೆ. ಇಬ್ಬರ ಜೋಡಿ ಫೋಟೋಗೆ ಅದೇ ಹೊತ್ತು. ಸಂಜೆ ತೆಗೆದರೆ ಕೋಟೆ ಬರೀ ಕಪ್ಪು ಗೆರೆ. ಬಲಬದಿಯಲ್ಲಿ ಸಂತ ಯಾನ್ ನೆಪೊಮುಕ್ ನಿಂತಿದ್ದಾನೆ. 1393ರಲ್ಲಿ ರಾಜಾಜ್ಞೆಯಂತೆ ಅವನನ್ನು ನದಿಗೆ ಎಸೆದರು. 1683ರ ಈ ಮೂರ್ತಿಯೇ ಸೇತುವೆಯ ಮೇಲಿರುವವುಗಳಲ್ಲಿ ಅತಿ ಹಳೆಯದು. ಪೀಠದ ಕಂಚಿನ ಫಲಕಗಳಲ್ಲಿ ಜನ ಮುಟ್ಟಿ ಮುಟ್ಟಿ ಹೊಳಪು ಬಂದ ಜಾಗ ದೂರಕ್ಕೇ ಕಾಣುತ್ತದೆ. ಒಂಬತ್ತರ ನಂತರ ಅಲ್ಲಿ ಸರದಿ ನಿಲ್ಲಬೇಕು.

ಸೇತುವೆ ಇಳಿದು ಮಾಲೋಸ್ತ್ರಾನ್ಸ್ಕೇ ಚೌಕದಲ್ಲಿ 22ನೇ ನಂಬರಿನ ಟ್ರಾಮ್ ಹತ್ತಿ. ಕಾಗದದ ಟಿಕೆಟ್ ಕೊಂಡರೆ ಸಾಲದು, ಒಳಗಿನ ಹಳದಿ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಇಲ್ಲದ್ದಕ್ಕೆ ಸಮ. ಒಬ್ಬರು ಒತ್ತಿಸಿ ಇನ್ನೊಬ್ಬರು ಮರೆಯುವುದು ಜೋಡಿಗಳಲ್ಲಿ ಮಾಮೂಲು, ತಪಾಸಕರು ಬರುವುದೂ ಸಾದಾ ಉಡುಪಿನಲ್ಲಿ. ಟ್ರಾಮಿನೊಳಗೆ ಕಾರ್ಡ್ ತಾಗಿಸಿ ಕೊಳ್ಳುವ ಟಿಕೆಟ್‌ಗೆ ಮಾತ್ರ ಈ ರಗಳೆಯಿಲ್ಲ. ಕೋಟೆಯ ಹೆಸರಿನ ನಿಲ್ದಾಣ ದಾಟಿ ಪೊಹೋರ್ಜೆಲೆಟ್ಸ್‌ನಲ್ಲಿ ಇಳಿದರೆ ಅಲ್ಲಿಂದ ಮುಂದೆ ಕೋಟೆಯ ಬಾಗಿಲವರೆಗೆ ಇಳಿಜಾರು.

ಕೋಟೆಯ ಅಂಗಳಕ್ಕೆ ದುಡ್ಡಿಲ್ಲ, ಕಟ್ಟಡಗಳ ಒಳಗೆ ಹೋಗಲು ಟಿಕೆಟ್ ಬೇಕು. ಬ್ಯಾಗ್ ತಪಾಸಣೆಯ ಸಾಲು ಬೆಳೆಯುವ ಮೊದಲೇ, ಒಂಬತ್ತರ ಒಳಗೆ ಬಾಗಿಲಲ್ಲಿರಿ. ಭಾನುವಾರ ಮಾತ್ರ ಈ ಲೆಕ್ಕ ತಪ್ಪುತ್ತದೆ. ಬೆಳಗ್ಗೆ ಪೂಜೆಯಿರುವುದರಿಂದ ಸಂತ ವೀತಸ್ ಕೆಥೆಡ್ರಲ್‌ಗೆ ಪ್ರವಾಸಿಗರನ್ನು ಮಧ್ಯಾಹ್ನದ ಮೇಲಷ್ಟೇ ಬಿಡುತ್ತಾರೆ. 1344ರಲ್ಲಿ ಶುರುವಾದ ಈ ಕಟ್ಟಡ ಮುಗಿದದ್ದು 1929ರಲ್ಲಿ. ಚೆಕ್ ಚಿತ್ರಕಾರ ಅಲ್ಫೋನ್ಸ್ ಮುಖಾನ ಬಣ್ಣದ ಗಾಜಿನ ಕಿಟಕಿ ಅಲ್ಲಿರುವುದೂ ಅದಕ್ಕೇ, ಆ ಭಾಗ ಇಪ್ಪತ್ತನೇ ಶತಮಾನದ್ದು. ಹಳೇ ಅರಮನೆಯಲ್ಲಿ 1618ರಲ್ಲಿ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಗುಮಾಸ್ತನನ್ನೂ ಎಸೆದ ಕಿಟಕಿಯಿದೆ. ಮೂವರೂ ಬದುಕಿದರು, ಅದರಿಂದ ಹೊತ್ತಿಕೊಂಡ ಯುದ್ಧ ಮಾತ್ರ ಮೂವತ್ತು ವರ್ಷ ನಡೆಯಿತು. ಕೋಟೆಯೊಳಗಿನ ಚಿನ್ನದ ಓಣಿಯ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. ಪುಟ್ಟ ಮನೆಗಳು ಚೆಂದ, ನೂಕುನುಗ್ಗಲು ಅಲ್ಲ. ಅದರ ಪೂರ್ವ ತುದಿಯ ಹಳೇ ಮೆಟ್ಟಿಲುಗಳಿಂದ ಕೆಳಗಿಳಿಯಿರಿ.

ಊಟಕ್ಕೆ ಮೆನುವಿನಲ್ಲಿ ‘ಬೆಜ್‌ಮಸಾ ಯೀದ್ಲಾ’ ಎಂಬ ಭಾಗ ಹುಡುಕಿ, ಮಾಂಸವಿಲ್ಲದ್ದೆಲ್ಲ ಅಲ್ಲಿರುತ್ತದೆ. ಕರಿದ ಚೀಸ್ ಮತ್ತು ಆಲೂಗಡ್ಡೆ ಎಲ್ಲೆಡೆ ಸಿಗುತ್ತದೆ. ಆದರೆ ಚೀಸಿನ ಹೊರಪದರಕ್ಕೂ ಜೊತೆಗಿನ ಸಾಸಿಗೂ ಮೊಟ್ಟೆ ಹಾಕುತ್ತಾರೆ. ಆಲೂಗಡ್ಡೆ ಸೂಪಿನ ನೀರು ಮಾಂಸದ್ದಿರಬಹುದು, ಕೇಳಿಯೇ ತರಿಸಿ. ಎಟಿಎಂ ನಿಮ್ಮ ರೂಪಾಯಿಯಲ್ಲೇ ಲೆಕ್ಕ ಹಾಕಲೇ ಎಂದು ಕೇಳಿದರೆ ಬೇಡ ಎನ್ನಿ, ಅಲ್ಲಿನ ಹಣವಾದ ಕೊರುನಾದಲ್ಲೇ ಆಗಲಿ. ವಿನಿಮಯದ ಅಂಗಡಿಯಲ್ಲಿ ಮೋಸ ಹೋದಂತೆ ಅನಿಸಿದರೆ ಮೂರು ಗಂಟೆಯೊಳಗೆ ರಸೀದಿ ತೋರಿಸಿ ವ್ಯವಹಾರ ರದ್ದು ಮಾಡಿಸಬಹುದು. 2019ರಿಂದ ಅಲ್ಲಿ ಕಾನೂನೇ ಹಾಗಿದೆ, ಮೊತ್ತ 1000 ಯೂರೋ ಮೀರಿರಬಾರದು ಅಷ್ಟೆ.

ಹಳೇ ಪಟ್ಟಣದ ಚೌಕದಲ್ಲಿ ಪುರಭವನದ ಗೋಪುರಕ್ಕಿರುವ ಖಗೋಳ ಗಡಿಯಾರ ಸಂಜೆಗಿರಲಿ. ಗಂಟೆಗೊಮ್ಮೆ, ಬೆಳಗ್ಗೆ 9ರಿಂದ ರಾತ್ರಿ 11ರವರೆಗೆ, ಕಿಟಕಿಯಲ್ಲಿ ಸಂತರ ಗೊಂಬೆಗಳು ಸರಿಯುತ್ತವೆ. ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಕೊನೆಗೆ ಹುಂಜ ಕೂಗುತ್ತದೆ. ನಿಮಿಷದೊಳಗೆ ಮುಗಿಯುವ ಆಟ. ಎಲ್ಲರೂ ತಲೆಯೆತ್ತಿ ನಿಲ್ಲುವ ಆ ಹೊತ್ತೇ ಜೇಬುಗಳ್ಳರಿಗೂ ಬೇಕಾದ್ದು, ಬ್ಯಾಗ್ ಎದೆಯ ಮೇಲಿರಲಿ. ಗುಂಪು ಕರಗಿದ ಮೇಲೆ ಮುಖಬಿಲ್ಲೆಯನ್ನು ಓದಿ, 1410ರ ನಿಜವಾದ ಸೋಜಿಗ ಅದು. ಹೊರಗಿನ ಕಪ್ಪು ಬಳೆಯ ಚಿನ್ನದ ಅಂಕಿಗಳು ಸೂರ್ಯಾಸ್ತದಿಂದ ಎಣಿಸುವ ಹಳೇ ಬೊಹೀಮಿಯಾದ ಗಂಟೆಗಳು. 24 ಬಂತೆಂದರೆ ಹೊತ್ತು ಮುಳುಗಿತು. ಕಪ್ಪು ಅಂಕಿಗಳು ಹಗಲನ್ನು ಸಮನಾಗಿ ಹನ್ನೆರಡು ಪಾಲು ಮಾಡುತ್ತವೆ, ನಾವು ರಾಹುಕಾಲಕ್ಕೆ ಎಂಟು ಪಾಲು ಮಾಡುವ ಹಾಗೆಯೇ. ಮುಳ್ಳಿನ ಮೇಲಿನ ಪುಟ್ಟ ಸೂರ್ಯ ರಾಶಿಚಕ್ರದ ಮೇಲೆ ಸರಿಯುತ್ತಾನೆ. ಅವನು ಮೇಷಕ್ಕೆ ಕಾಲಿಡುವುದು ಮಾರ್ಚ್ 20ರ ಆಸುಪಾಸು, ನಮ್ಮ ಪಂಚಾಂಗದಲ್ಲಿ ಏಪ್ರಿಲ್ 14ರ ಸುಮಾರಿಗೆ. ಗಡಿಯಾರ ಕೆಟ್ಟಿದೆ ಎಂದುಕೊಳ್ಳಬೇಡಿ, ಆ ಅಂತರ ಅಯನಾಂಶದ್ದು, ಅಂದರೆ ಎರಡು ಪದ್ಧತಿಗಳು ರಾಶಿಚಕ್ರವನ್ನು ಬೇರೆ ಬೇರೆ ಬಿಂದುವಿನಿಂದ ಎಣಿಸುವುದರದ್ದು.

ಅದೇ ಗೋಪುರದ ಮೇಲೆ ಹೋಗಲು ಲಿಫ್ಟ್ ಇದೆ. ಕೋಟೆ ಪಶ್ಚಿಮಕ್ಕಿರುವುದರಿಂದ ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮೊದಲು ಮೇಲಿದ್ದರೆ ಸರಿ. ಡಿಸೆಂಬರಿನಲ್ಲಿ ಅದು ನಾಲ್ಕಕ್ಕೇ ಆಗಿಹೋಗುತ್ತದೆ, ಜೂನಿನಲ್ಲಿ ಒಂಬತ್ತು ದಾಟುತ್ತದೆ. ಜೂನಿನಲ್ಲಿ ಹೋಗುವವರು ಊಟ ಮೊದಲೇ ಮುಗಿಸಿಕೊಳ್ಳಲಿ.